ಸರಾಸರಿ ಆರು ಅಂಕ ಹೆಚ್ಚಾದರೆ ಸಾಕೇ?

ಹೊಸ ವಿಧಾನದಲ್ಲಿ ಪಾಠ ಕೇಳಿದ 30 ಮಕ್ಕಳ ಸರಾಸರಿ 68 ಅಂಕ. ಹಳೆಯ ವಿಧಾನದಲ್ಲಿ ಕಲಿತ ಇನ್ನೊಂದು 30 ಮಕ್ಕಳದ್ದು 62. ಹೊಸ ವಿಧಾನವೇ ಗೆದ್ದಿತು ಅಂತ ಹೇಳಿಬಿಡಬಹುದಾ? ಇಷ್ಟರಿಂದಲೇ ಹೇಳಲಾಗದು. ಒಂದೇ ಪಾಠ ಕೇಳಿದ 60 ಮಕ್ಕಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿದರೂ ಸರಾಸರಿಗಳು ಸರಿಸಮ ಬರುವುದು ಅಪರೂಪ. ಚೆನ್ನಾಗಿ ಓದುವವರು ನಾಲ್ಕು ಜನ ಒಂದು ಕಡೆ ಜಾಸ್ತಿ ಬಿದ್ದರೆ ಅಂಕಿ ಬದಲಾಗುತ್ತದೆ, ಅಲ್ವಾ?

ಎರಡು ಸರಾಸರಿಗಳ ಅಂತರವನ್ನು ಪರಖುವ ಲೆಕ್ಕವಾದ ಟಿ-ಟೆಸ್ಟ್ ಇಲ್ಲಿ ನೆರವಿಗೆ ಬರುತ್ತದೆ. ಎರಡೂ ವಿಧಾನಗಳ ನಡುವೆ ನಿಜವಾಗಿ ವ್ಯತ್ಯಾಸವೇ ಇಲ್ಲ ಎಂದು ಮೊದಲು ಇಟ್ಟುಕೊಳ್ಳುತ್ತೇವೆ. ಪಠ್ಯಗಳಲ್ಲಿ ಶೂನ್ಯ ಪ್ರಾಕ್ಕಲ್ಪನೆ ಅಂತ ಓದಿರುತ್ತೀರಲ್ಲ, ಅದೇ ಇದು. ಆಮೇಲೆ ಕೇಳುತ್ತೇವೆ: ಹಾಗಿದ್ದೂ ಆರು ಅಂಕದಷ್ಟು ಅಥವಾ ಅದಕ್ಕಿಂತ ದೊಡ್ಡ ಅಂತರ ಆಕಸ್ಮಿಕವಾಗಿ ಬರುವ ಸಾಧ್ಯತೆ ಎಷ್ಟು? ಆ ಉತ್ತರವೇ ಪಿ-ಮೌಲ್ಯ. ಅದು ಶೂನ್ಯ ಪ್ರಾಕ್ಕಲ್ಪನೆ ನಿಜವಾಗಿರುವ ಸಾಧ್ಯತೆ ಅಲ್ಲ. ಈ ತಪ್ಪು ಎಷ್ಟೋ ಪ್ರಬಂಧಗಳಲ್ಲೂ ಕಾಣಿಸುತ್ತದೆ.

ಲೆಕ್ಕ ಮಾಡಿಯೇ ನೋಡೋಣ. ಎರಡೂ ಗುಂಪಿನಲ್ಲಿ ಅಂಕಗಳ ಮಾನಕ ವಿಚಲನೆ 12 ಇದೆ ಎಂದುಕೊಳ್ಳಿ, ಅಂದರೆ ಮಕ್ಕಳ ಅಂಕಗಳು ಸರಾಸರಿಯಿಂದ ಅಷ್ಟಷ್ಟು ಆಚೀಚೆ ಹರಡಿವೆ. ಆಗ ಸರಾಸರಿಗಳ ಅಂತರದ ಮಾನಕ ದೋಷ, ಅಂದರೆ ಆ ಅಂತರ ಆಕಸ್ಮಿಕವಾಗಿ ಸಾಮಾನ್ಯವಾಗಿ ಎಷ್ಟು ಆಚೀಚೆ ಆಗುತ್ತದೆ ಎಂಬ ಅಳತೆ, ಸುಮಾರು 3.1. ಆರನ್ನು ಅದರಿಂದ ಭಾಗಿಸಿದರೆ ಟಿ ಸುಮಾರು 1.94, ಪಿ-ಮೌಲ್ಯ ಸುಮಾರು 0.06. ರೂಢಿಯ ಗಡಿ 0.05 ಆಗಿರುವುದರಿಂದ ಶೂನ್ಯ ಪ್ರಾಕ್ಕಲ್ಪನೆಯನ್ನು ತಳ್ಳಿಹಾಕುವಂತಿಲ್ಲ. ಹಾಗಂತ ಹೊಸ ವಿಧಾನದಿಂದ ಪ್ರಯೋಜನವಿಲ್ಲ ಅಂತಲೂ ಸಾಬೀತಾಗಲಿಲ್ಲ. ಸಾಕ್ಷಿ ಸಾಲಲಿಲ್ಲ, ಅಷ್ಟೇ. ಅದೇ ಆರು ಅಂಕದ ಅಂತರ ಗುಂಪಿಗೆ 60 ಮಕ್ಕಳಿದ್ದಾಗ ಬಂದಿದ್ದರೆ ಟಿ 2.74ಕ್ಕೆ ಏರುತ್ತಿತ್ತು, ಟಿ ಏರಿದಂತೆ ಪಿ-ಮೌಲ್ಯ ಇಳಿಯುತ್ತದೆ. 30 ಮಕ್ಕಳೇ ಇದ್ದು ಹರಡುವಿಕೆ 12ರ ಬದಲು 6 ಆಗಿದ್ದರೆ 3.87! ಅದಕ್ಕೇ ಬರೀ ಸರಾಸರಿ ತೋರಿಸುವ ವರದಿಯನ್ನು ನಾನು ನಂಬುವುದಿಲ್ಲ.

ಈ ಲೆಕ್ಕದ ಮೂಲ ವಿಲಿಯಂ ಸೀಲಿ ಗಾಸೆಟ್. ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದ ಅವರಿಗೆ ಕೆಲವೇ ಮಾದರಿಗಳಿಂದ ನಿರ್ಧಾರಕ್ಕೆ ಬರಬೇಕಿತ್ತು. 1908ರಲ್ಲಿ ಅವರು 'ಸ್ಟೂಡೆಂಟ್' ಎಂಬ ಹೆಸರಿನಲ್ಲಿ ಇದನ್ನು ಪ್ರಕಟಿಸಿದರು.

ಮಾದರಿ ತೀರಾ ದೊಡ್ಡದಾದರೆ ತೊಂದರೆ ಇನ್ನೊಂದು ಬಗೆಯದು. ಹರಡುವಿಕೆ ಮೊದಲಿನಂತೆ 12 ಇದ್ದು ಗುಂಪಿಗೆ 10,000 ಮಕ್ಕಳಿದ್ದರೆ ಬರೀ ಅರ್ಧ ಅಂಕದ ಅಂತರಕ್ಕೂ ಟಿ 2.9 ದಾಟುತ್ತದೆ. ಅರ್ಧ ಅಂಕಕ್ಕೋಸ್ಕರ ಪಾಠದ ಕ್ರಮವನ್ನೇ ಬದಲಿಸಬೇಕೇ? ಅದನ್ನು ಪಿ-ಮೌಲ್ಯ ಹೇಳುವುದಿಲ್ಲ, ಅಂತರ ಎಷ್ಟು ದೊಡ್ಡದು ಅಂತ ಬೇರೆಯಾಗಿಯೇ ನೋಡಬೇಕು.

ಅದೇ ಮಕ್ಕಳಿಗೆ ಪಾಠದ ಮೊದಲು ಮತ್ತು ನಂತರ ಪರೀಕ್ಷೆ ಕೊಟ್ಟಿದ್ದರೆ ಜೋಡಿ ಟಿ-ಟೆಸ್ಟ್ ಬಳಸಬೇಕು. ಅಲ್ಲಿ ಪ್ರತಿ ಮಗುವಿನ ಅಂಕ ಎಷ್ಟು ಬದಲಾಯಿತು ಅನ್ನುವುದೇ ಲೆಕ್ಕ. ಆದರೆ ಹೋಲಿಕೆಗೆ ಇನ್ನೊಂದು ಗುಂಪು ಇಲ್ಲದಿದ್ದರೆ, ಅಂಕ ಏರಿದ್ದು ಪಾಠದಿಂದಲೋ ಎರಡನೇ ಸಲ ಪರೀಕ್ಷೆ ಬರೆದ ಅಭ್ಯಾಸದಿಂದಲೋ ತಿಳಿಯದು.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ತೊಡಕು ಬೇರೆ. ಒಂದು ತರಗತಿಗೆ ಹೊಸ ವಿಧಾನ, ಪಕ್ಕದ ತರಗತಿಗೆ ಹಳೆಯದು ಎಂದು ಹಂಚಿ, ಆಮೇಲೆ 30 ಮಕ್ಕಳನ್ನು 30 ಬೇರೆ ಬೇರೆ ಸಾಕ್ಷಿಗಳಂತೆ ಎಣಿಸುತ್ತಾರೆ. ಟಿ-ಟೆಸ್ಟ್ ಮಾತ್ರ ಒಬ್ಬರ ಅಂಕಕ್ಕೂ ಇನ್ನೊಬ್ಬರ ಅಂಕಕ್ಕೂ ನಂಟಿಲ್ಲ ಎಂದು ನಂಬಿ ನಡೆಯುತ್ತದೆ. ಒಂದೇ ತರಗತಿಯ ಮಕ್ಕಳಿಗೆ ಒಬ್ಬರೇ ಟೀಚರ್, ಒಂದೇ ವೇಳಾಪಟ್ಟಿ. ಟೀಚರ್ ಒಳ್ಳೆಯವರಾಗಿದ್ದರೆ ಎಲ್ಲರ ಅಂಕವೂ ಒಟ್ಟಿಗೆ ಏರುತ್ತದೆ, ನಾವು ಅದನ್ನು ವಿಧಾನದ ಖಾತೆಗೆ ಹಾಕುತ್ತೇವೆ. ಇಂಥ ಕಡೆ ಪಿ-ಮೌಲ್ಯ ಎಷ್ಟು ಸಣ್ಣದಾಗಿದ್ದರೂ ಪ್ರಯೋಜನವಿಲ್ಲ. ಹತ್ತು ತರಗತಿಗೆ ಹೊಸದು, ಹತ್ತಕ್ಕೆ ಹಳೆಯದು ಎಂದು ಚೀಟಿ ಎತ್ತಿ ಹಂಚಿ, ಒಂದೊಂದು ತರಗತಿಯ ಸರಾಸರಿಯನ್ನು ಒಂದೊಂದೇ ಅಂಕಿಯಾಗಿ ತೆಗೆದುಕೊಂಡು ಟಿ-ಟೆಸ್ಟ್ ಮಾಡಿದರೆ ಉತ್ತರ ಹೆಚ್ಚು ನಂಬುವಂತಿರುತ್ತದೆ.