ದೋಣಿಗೆ ಕರೆಂಟ್ ಮೋಟಾರ್: ಕೊಚ್ಚಿಯ ಲೆಕ್ಕ ಬೇರೆ, ಕುಂಬಳೆಯ ಲೆಕ್ಕ ಬೇರೆ

ಕೊಚ್ಚಿಯಲ್ಲಿ ಬ್ಯಾಟರಿ ಬೋಟ್ ಓಡುತ್ತಿದೆ, ಹಾಗಾದರೆ ನಮ್ಮ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆಯ ದೋಣಿಗಳಿಗೆ ಯಾಕೆ ಆಗಬಾರದು? ಕೇಳುವುದು ಸುಲಭ, ಉತ್ತರ ಮಾತ್ರ ಸಿಕ್ಕುಸಿಕ್ಕಾಗಿದೆ. ಎರಡು ಬೇರೆ ಬೇರೆ ಕೆಲಸಗಳನ್ನು ನಾವು ಒಂದೇ ಹೆಸರಲ್ಲಿ ಕರೆಯುತ್ತಿದ್ದೇವೆ. ಕರೆಂಟಿಗೆಂದೇ ಹೊಸ ಬೋಟ್ ಕಟ್ಟುವುದು ಒಂದು. ಇರುವ ದೋಣಿಯ ಎಂಜಿನ್ ಕಳಚಿ ಮೋಟಾರ್ ಕೂರಿಸುವುದು ಇನ್ನೊಂದು. ಪೇಪರಿನಲ್ಲಿ ಬರುವುದು ಜಾಸ್ತಿ ಮೊದಲನೆಯದು, ದಡದಲ್ಲಿ ಬೇಕಾಗಿರುವುದು ಎರಡನೆಯದು.

ಕರೆಂಟ್ ದೋಣಿ ಹೊಸದೇನೂ ಅಲ್ಲ. 1838ರ ಹೊತ್ತಿಗೇ ಮೊರಿಟ್ಸ್ ಜಾಕೋಬಿ ಎಂಬವರು ರಷ್ಯಾದ ನೇವಾ ನದಿಯಲ್ಲಿ ಬ್ಯಾಟರಿಯಿಂದ ದೋಣಿ ಓಡಿಸಿದ್ದರು. 1893ರ ಷಿಕಾಗೋ ಪ್ರದರ್ಶನಕ್ಕೆ ಬಂದವರು ಕರೆಂಟ್ ಲಾಂಚುಗಳಲ್ಲಿ ಕೂತು ಸುತ್ತಿದ್ದರು. ಆಮೇಲೆ ಪೆಟ್ರೋಲ್ ಎಂಜಿನ್ ಬಂತು. ಹಗುರ, ದೂರ ಹೋಗುತ್ತದೆ, ಎಣ್ಣೆ ಮುಗಿದರೆ ಕ್ಯಾನಿನಿಂದ ಸುರಿದರೆ ಸಾಕು. ಅಲ್ಲಿಂದ ಹೆಚ್ಚುಕಡಿಮೆ ನೂರು ವರ್ಷ ಬ್ಯಾಟರಿ ಮೂಲೆಗೆ ಬಿತ್ತು.

ನಮ್ಮ ಕರಾವಳಿಗೆ ಎಂಜಿನ್ ಬಂದ ಕತೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಇವತ್ತಿನ ಗೋಜಲಿನ ಬೇರು ಅಲ್ಲಿದೆ. 1953ರಲ್ಲಿ ಕೊಲ್ಲಂ ಹತ್ತಿರದ ನೀಂಡಕರದಲ್ಲಿ ಭಾರತ-ನಾರ್ವೆ ಯೋಜನೆ ಶುರುವಾಯಿತು. ಯಂತ್ರದ ಬೋಟ್ ಬಂತು, ಅದರ ಹಿಂದೆ ಸಮುದ್ರದ ತಳ ಬಾಚುವ ಟ್ರಾಲ್ ಬಲೆ ಬಂತು, ಸಿಗಡಿಗೆ ಹೊರದೇಶದಲ್ಲಿ ಬೆಲೆ ಬಂತು. ಹುಟ್ಟು ಹಾಕಿಕೊಂಡು ಹೋಗುತ್ತಿದ್ದ ನಾಡದೋಣಿಯವರು ಅದೇ ನೀರಿನಲ್ಲಿ ಅದೇ ಮೀನಿಗೆ ಪೈಪೋಟಿ ಕೊಡಬೇಕಾಯಿತು. ಜಗಳ ಎದ್ದಿತು, 1980ರಲ್ಲಿ ಕೇರಳದಲ್ಲಿ ಮೀನುಗಾರಿಕೆ ನಿಯಂತ್ರಣ ಕಾನೂನು ಬಂತು, 1988ರಿಂದ ಮಳೆಗಾಲದಲ್ಲಿ ಟ್ರಾಲಿಂಗ್ ನಿಷೇಧವೂ ಬಂತು. ಆದರೆ ಅಷ್ಟರಲ್ಲಿ ನಾಡದೋಣಿಯವರು ಸಾಲ ಮಾಡಿ ಹಿಂಬದಿಗೆ ಔಟ್‌ಬೋರ್ಡ್ ಎಂಜಿನ್ ಕಟ್ಟಿಯಾಗಿತ್ತು. ಅದು ಶೋಕಿಯಲ್ಲ, ಉಳಿಯುವ ದಾರಿ. ಬೂತಾಯಿ, ಬಂಗುಡೆ ದಡ ಬಿಟ್ಟು ಹೊರಗೆ ಹೋದ ಹಾಗೆಲ್ಲ ಎಂಜಿನ್ ದೊಡ್ಡದಾಯಿತು, ಒಂದಿದ್ದದ್ದು ಎರಡಾಯಿತು.

ಈ ಎಂಜಿನ್ನುಗಳಲ್ಲಿ ಹೆಚ್ಚಿನವು ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಹೊರಳುವಂಥವು. ಸೀಮೆಎಣ್ಣೆ ಸರಕಾರದ ಪರ್ಮಿಟ್ಟಿನಲ್ಲಿ, ಕಡಿಮೆ ಬೆಲೆಗೆ ಸಿಗುತ್ತಿತ್ತು ಅನ್ನುವ ಒಂದೇ ನಂಬಿಕೆಯ ಮೇಲೆ ಇಡೀ ಕಸುಬು ನಿಂತಿತು. ಆಮೇಲೆ ಹಂಚಿಕೆ ಕರಗುತ್ತಾ ಹೋಯಿತು. 2022ರಲ್ಲಿ ಲೀಟರಿಗೆ 100 ರೂಪಾಯಿ ದಾಟಿತು. ಪೆಟ್ರೋಲಿಗೆ ಬದಲಾಯಿಸಿ, ಗ್ಯಾಸಿಗೆ ಬದಲಾಯಿಸಿ, ಕರೆಂಟಿಗೆ ಬದಲಾಯಿಸಿ ಎಂಬ ಸಲಹೆಗಳೆಲ್ಲ ಜೋರಾದದ್ದು ಹೆಚ್ಚುಕಡಿಮೆ ಇದೇ ಹೊತ್ತಿಗೆ. ಎಂಜಿನ್ ಕಟ್ಟಿಸಿಕೊಂಡವರು ಎಣ್ಣೆಯನ್ನೂ ತಾವಾಗಿ ಆರಿಸಿಕೊಂಡವರಲ್ಲ ಅನ್ನುವುದು ಈ ಮಾತುಗಳ ನಡುವೆ ಮರೆತೇ ಹೋಗುತ್ತದೆ.

ಅತ್ತ ಕೇರಳದ ದಕ್ಷಿಣದಲ್ಲಿ ಬೇರೆಯೇ ಕೆಲಸ ನಡೆಯಿತು. 2017ರ ಜನವರಿಯಲ್ಲಿ ವೈಕಂ ಮತ್ತು ತವಣಕ್ಕಡವು ನಡುವೆ 'ಆದಿತ್ಯ' ಎಂಬ ಸೋಲಾರ್ ಬೋಟ್ ಓಡತೊಡಗಿತು. 75 ಜನ ಕೂರಬಹುದು. 2023ರ ಏಪ್ರಿಲ್‌ನಲ್ಲಿ ಬ್ಯಾಟರಿ ಬೋಟುಗಳ ಕೊಚ್ಚಿ ವಾಟರ್ ಮೆಟ್ರೋ ಬಂತು. ನಿಜಕ್ಕೂ ಹೆಮ್ಮೆಯ ಕೆಲಸಗಳು. ಆದರೆ ಎರಡರಲ್ಲೂ ಬೋಟುಗಳು ಹೊಸವು. ಹಗುರವಾದ ಜೋಡಿ ತಳ, ನೀರು ಸೀಳಿಕೊಂಡು ಹೋಗುವ ಆಕಾರ, ಗೊತ್ತಿರುವ ದೂರ, ಜೆಟ್ಟಿಯಲ್ಲೇ ಚಾರ್ಜಿಂಗ್. ಮೋಟಾರಿಗೆ ತಕ್ಕ ಬೋಟ್ ಕಟ್ಟಿದರು. ನಮ್ಮಲ್ಲಿ ಕೇಳುತ್ತಿರುವುದು ಬೋಟಿಗೆ ತಕ್ಕ ಮೋಟಾರ್.

ಅದಕ್ಕೆ ಲೆಕ್ಕ ನೋಡೋಣ. ಒಂದು ಲೀಟರ್ ಸೀಮೆಎಣ್ಣೆಯಲ್ಲಿ ಸುಮಾರು 10 ಯೂನಿಟ್ ಕರೆಂಟಿನಷ್ಟು ಶಕ್ತಿ ಇದೆ. ಹಳೆಯ ಟೂ-ಸ್ಟ್ರೋಕ್ ಎಂಜಿನ್ ಅದರಲ್ಲಿ ಐದನೇ ಒಂದು ಭಾಗವನ್ನಷ್ಟೇ ತಿರುಗಿಸುವ ಕೆಲಸಕ್ಕೆ ಕೊಟ್ಟರೂ 2 ಯೂನಿಟ್ ಆಯಿತು. ಅಷ್ಟು ಕೆಲಸಕ್ಕೆ ಲಿಥಿಯಂ ಬ್ಯಾಟರಿ ಸುಮಾರು 20 ಕಿಲೋ ಬೇಕು, ಲೀಟರ್ ಎಣ್ಣೆ ಒಂದು ಕಿಲೋ ಕೂಡ ತೂಗುವುದಿಲ್ಲ. 9.9 ಎಚ್‌ಪಿ ಎಂಜಿನ್ ಅಂದರೆ ಸುಮಾರು 7.4 ಕಿಲೋವಾಟ್. ನಾಲ್ಕು ಗಂಟೆ ಪೂರ್ತಿ ಜೋರಿನಲ್ಲಿ ಓಡಿಸಿದರೆ 30 ಯೂನಿಟ್, ಕಾಲು ಟನ್‌ಗೂ ಮೇಲೆ ಬ್ಯಾಟರಿ. ನಾಡದೋಣಿಯಲ್ಲಿ ಅದು ನಾಲ್ಕು ಜನರ ತೂಕ. ಮೀನು ಎಲ್ಲಿ ಹಾಕುವುದು?

ಇದೇ ಲೆಕ್ಕದ ಇನ್ನೊಂದು ಬದಿಯೂ ಇದೆ, ಅದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ. ವೇಗ ಅರ್ಧ ಮಾಡಿದರೆ ಬೇಕಾಗುವ ಶಕ್ತಿ ಹೆಚ್ಚುಕಡಿಮೆ ಎಂಟನೇ ಒಂದಕ್ಕೆ ಇಳಿಯುತ್ತದೆ. ನಾಲ್ಕು ಗಂಟೆಯಲ್ಲಿ ಖಾಲಿಯಾಗುತ್ತಿದ್ದ ಬ್ಯಾಟರಿ ನಿಧಾನ ಹೋದರೆ ಮೂವತ್ತು ಗಂಟೆ ಬರುತ್ತದೆ, ದೂರವೂ ನಾಲ್ಕು ಪಾಲು ಸಿಗುತ್ತದೆ. ಹಾಗಾಗಿ ಅವಸರ ಇಲ್ಲದ ದೋಣಿಗೆ ಕರೆಂಟ್ ಚೆನ್ನಾಗಿ ಹೊಂದುತ್ತದೆ. ಕಾಸರಗೋಡು ಜಿಲ್ಲೆಯಲ್ಲಿ ಅಂಥವು ಇಲ್ಲದೆ ಇಲ್ಲ. ನೀಲೇಶ್ವರ, ವಲಿಯಪರಂಬ ಕಡೆಯ ಹಿನ್ನೀರಿನ ಹೌಸ್‌ಬೋಟುಗಳು ನಿಧಾನವಾಗಿಯೇ ಹೋಗುವವು, ರಾತ್ರಿ ಕಟ್ಟಿಹಾಕಿದಾಗ ಚಾರ್ಜ್ ಮಾಡಬಹುದು, ಮೇಲೆ ಸೋಲಾರಿಗೆ ಜಾಗವೂ ಇದೆ. ರಾತ್ರಿಯಿಡೀ ಓಡುವ ಎಸಿಯ ಲೆಕ್ಕವನ್ನು ಮಾತ್ರ ಬೇರೆ ಇಡಬೇಕು. ಚಂದ್ರಗಿರಿ ಹೊಳೆಯಲ್ಲಿ ಆಚೆ ದಡ ಈಚೆ ದಡ ಮಾಡುವ ಸಣ್ಣ ದೋಣಿಗೂ ಇದು ಸಾಧ್ಯ, ಮಳೆಗಾಲದ ನೆರೆಗೆ ಬೇಕಾದ ಮೀಸಲು ಇಟ್ಟುಕೊಂಡರೆ.

ಬದಲಾಯಿಸುವ ಕೆಲಸವೂ ಸುಮ್ನೆ ಅದಲು ಬದಲು ಅಲ್ಲ. ಎಂಜಿನ್, ಟ್ಯಾಂಕ್, ಹೊಗೆ ಕೊಳವೆ ತೆಗೆದರೆ ದೋಣಿಯ ತೂಕ ಬೇರೆ ಕಡೆ ಕೂರುತ್ತದೆ, ಬ್ಯಾಟರಿಯನ್ನು ತಗ್ಗಿನಲ್ಲಿ, ನಡುವೆ ಇಟ್ಟು ಸಮ ಮಾಡಬೇಕು. ಮೋಟಾರ್ ಕಡಿಮೆ ಸುತ್ತಿನಲ್ಲೂ ಬಲ ಕೊಡುವುದರಿಂದ ನೀರು ತಳ್ಳುವ ಹಳೆಯ ಫ್ಯಾನನ್ನೇ ಉಳಿಸಿಕೊಳ್ಳುವುದು ನಷ್ಟ, ನಿಧಾನ ತಿರುಗುವ ದೊಡ್ಡ ಫ್ಯಾನ್ ಬೇಕು. ಸಣ್ಣ ದೋಣಿಗೆ 48 ವೋಲ್ಟ್ ಸಾಕು, ಶಾಕಿನ ಅಪಾಯವೂ ಕಡಿಮೆ. ಉಪ್ಪುನೀರು ತಾಮ್ರದ ಜೋಡಣೆಗಳನ್ನು ತಿನ್ನುತ್ತದೆ, ಆದ್ದರಿಂದ ಬ್ಯಾಟರಿ ಪೆಟ್ಟಿಗೆಯಲ್ಲಿ ಒಂದು ಹನಿ ನೀರೂ ಇಳಿಯಬಾರದು. ಬ್ಯಾಟರಿಗಳಲ್ಲಿ ಲಿಥಿಯಂ ಐರನ್ ಫಾಸ್ಫೇಟ್ ಬೇಗ ಬೆಂಕಿ ಹಿಡಿಯುವ ಜಾತಿಯಲ್ಲ, ಬೆಲೆಯೂ ತಕ್ಕಮಟ್ಟಿಗೆ ಇದೆ. ವಾಟರ್ ಮೆಟ್ರೋದಲ್ಲಿರುವ ಲಿಥಿಯಂ ಟೈಟನೇಟ್ ಬಲು ಬೇಗ ಚಾರ್ಜ್ ಆಗುತ್ತದೆ, ಆದರೆ ಭಾರ ಜಾಸ್ತಿ, ದುಡ್ಡೂ ಜಾಸ್ತಿ. ಇಷ್ಟೆಲ್ಲ ಆದ ಮೇಲೆ ರಿಜಿಸ್ಟ್ರೇಶನ್ನಿನಲ್ಲೂ ಎಂಜಿನ್ ಬದಲಾದದ್ದು ಸೇರಬೇಕು.

ಸಮುದ್ರಕ್ಕೆ ಇಳಿಯುವ ನಾಡದೋಣಿಯ ಮಾತು ಬೇರೆ. ಅಳಿವೆ ಬಾಗಿಲಲ್ಲಿ ತೆರೆ ಎದ್ದಾಗ ನಿಧಾನ ಹೋಗುತ್ತೇನೆ ಅನ್ನುವಂತಿಲ್ಲ, ಇದ್ದ ಬಲವನ್ನೆಲ್ಲ ಹಾಕಿ ದಾಟಬೇಕು. ಮೀನಿನ ಹಿಂಡು ಕಂಡಾಗಲೂ ಹಾಗೆಯೇ. ದುಡ್ಡಿನ ಕ್ರಮವೂ ಹೊಂದುವುದಿಲ್ಲ. ಎಣ್ಣೆಯನ್ನು ಆಯಾ ದಿನಕ್ಕೆ ಕೊಳ್ಳಬಹುದು, ಮೀನು ಸಿಗದ ದಿನ ಸಾಲ ಹೇಳಬಹುದು. ಬ್ಯಾಟರಿ ಅಂದರೆ ಮುಂದಿನ ಎಂಟು ಹತ್ತು ವರ್ಷದ ಎಣ್ಣೆಯ ದುಡ್ಡನ್ನು ಮೊದಲ ದಿನವೇ ಎಣಿಸಿಕೊಟ್ಟ ಹಾಗೆ. ಬೂತಾಯಿ ಕೈಕೊಟ್ಟ ವರ್ಷ ಆ ಕಂತು ಕಟ್ಟುವುದು ಹೇಗೆ? ಬ್ಯಾಟರಿಯನ್ನು ಮೀನುಗಾರರ ಸಂಘವೇ ಇಟ್ಟುಕೊಂಡು ಯೂನಿಟ್ ಲೆಕ್ಕದಲ್ಲಿ ಬಾಡಿಗೆಗೆ ಕೊಟ್ಟರೆ, ಬಂದರಿನಲ್ಲಿ ಚಾರ್ಜಿಂಗ್ ಪಾಯಿಂಟ್ ಬಂದ ಮೇಲಷ್ಟೇ ಪರ್ಮಿಟ್ ಎಣ್ಣೆ ಕಡಿಮೆ ಮಾಡಿದರೆ, ದಡದ ಹತ್ತಿರವೇ ಬಲೆ ಹಾಕುವ ಸಣ್ಣ ದೋಣಿಯವರಾದರೂ ಮೊದಲು ಈ ಕಡೆ ಬರಬಹುದು. ದೂರ ಹೋಗುವವರಿಗೆ ಸದ್ಯಕ್ಕೆ ಎಣ್ಣೆಯೇ ಗತಿ, ಅವರ ಪರ್ಮಿಟ್ಟಿಗೆ ಕೈ ಹಾಕಬಾರದು.