ಬೂದು ಬಣ್ಣದ ಬಂಗಾರ

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಬಾವಿ ತೆಗೆಸುವಾಗ ಸಿಕ್ಕ ಕಲ್ಲನ್ನು ಟವೆಲಿನಲ್ಲಿ ಸುತ್ತಿಕೊಂಡು ಶಿವಮೊಗ್ಗಕ್ಕೆ ನನ್ನ ಬಳಿ ಬಂದಿದ್ದರು. ಕಲ್ಲಿನ ತುಂಬ ಹಳದಿ ಮಿಂಚು. "ಸಾರ್, ಬಂಗಾರ ಅಲ್ವಾ ಇದು?"

ಟೈಲ್ಸ್ ಹಿಂಭಾಗಕ್ಕೆ ಉಜ್ಜಿದೆ. ಕಪ್ಪು ಗೆರೆ ಬಿತ್ತು. ಬಂಗಾರವಾಗಿದ್ದರೆ ಗೆರೆಯೂ ಹಳದಿ ಇರುತ್ತಿತ್ತು. "ಪೈರೈಟ್ ಗೌಡ್ರೇ, ಬರೀ ಕಬ್ಬಿಣ, ಗಂಧಕ" ಎಂದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ಹಂಗಾದ್ರೆ ಹೊಳೆಯದ ಕಲ್ಲಲ್ಲಿ ಬಂಗಾರ ಇರಲ್ವಾ?" ಎಂದು ಕೇಳಿದರು. ನನಗೆ ಬಹಳ ಇಷ್ಟವಾದ ಪ್ರಶ್ನೆ ಇದು.

ಇರುತ್ತದೆ. ಬಂಗಾರ ಸುಲಭಕ್ಕೆ ಯಾವುದರ ಜೊತೆಗೂ ಸೇರುವುದಿಲ್ಲ, ಆದರೆ ಟೆಲ್ಲುರಿಯಮ್ ಎಂಬ ಅಪರೂಪದ ಮೂಲಧಾತು ಸಿಕ್ಕರೆ ಸೇರಿಬಿಡುತ್ತದೆ. ಆಗ ಹಳದಿ ಬಣ್ಣ ಹೆಚ್ಚಾಗಿ ಮಾಯ. ಕೋಸ್ಟೊವೈಟ್ ಎಂಬ ಅಪರೂಪದ ಖನಿಜವನ್ನೇ ನೋಡಿ. ಒಂದು ಪಾಲು ಬಂಗಾರ, ಒಂದು ಪಾಲು ತಾಮ್ರ, ನಾಲ್ಕು ಪಾಲು ಟೆಲ್ಲುರಿಯಮ್ ಪರಮಾಣುಗಳು. ತೂಕದಲ್ಲಿ ಕಾಲು ಭಾಗ ಬಂಗಾರವೇ! ಆದರೂ ಬಣ್ಣ ಬೂದು ಬಿಳುಪು. ಬಲ್ಗೇರಿಯಾದ ಚೆಲೋಪೆಚ್ ಗಣಿಯಲ್ಲಿ ಮೊದಲು ಗುರುತಿಸಿ, 1966ರಲ್ಲಿ ಅಲ್ಲಿನ ಖನಿಜ ವಿಜ್ಞಾನಿ ಇವಾನ್ ಕೋಸ್ಟೊವ್ ಅವರ ಹೆಸರಿಟ್ಟರು. ಕಣಗಳು ಎಷ್ಟು ಸಣ್ಣವೆಂದರೆ, ಕಲ್ಲನ್ನು ಕೊಯ್ದು, ಕನ್ನಡಿಯಂತೆ ಪಾಲಿಶ್ ಮಾಡಿ ಮೈಕ್ರೋಸ್ಕೋಪಿನ ಕೆಳಗೆ ಇಡಬೇಕು.

ಆಸ್ಟ್ರೇಲಿಯಾದ ಕಾಲ್ಗೂರ್ಲಿಯಲ್ಲಿ ಟೆಲ್ಲುರಿಯಮ್ ಬೆರೆತ ಇಂಥದ್ದೇ ಅದಿರನ್ನು ಮೊದಮೊದಲು ಕೆಲಸಕ್ಕೆ ಬಾರದ್ದೆಂದು ಎಸೆದಿದ್ದರು. 1896ರ ಹೊತ್ತಿಗೆ ವಿಷಯ ತಿಳಿದು, ಎಸೆದ ಗುಡ್ಡೆಗಳಿಗೇ ಜನ ಮುಗಿಬಿದ್ದರು.

ಇನ್ನೊಂದು ತೊಡಕಿದೆ. ಸಾಮಾನ್ಯ ಬಂಗಾರ ಸಯನೈಡಿನಲ್ಲಿ ಕರಗುತ್ತದೆ. ಟೆಲ್ಲುರಿಯಮ್ ಜೊತೆಗಿರುವ ಬಂಗಾರ ತುಂಬಾ ನಿಧಾನ. ಸಯನೈಡ್ ಪರೀಕ್ಷೆಯನ್ನಷ್ಟೇ ನಂಬಿದರೆ, ಇರುವ ಬಂಗಾರವೂ ಕಡಿಮೆಯೆಂದು ಕಾಣುತ್ತದೆ. ಅದಕ್ಕೇ ನಾನು ಕುಲುಮೆಯಲ್ಲಿ ಕರಗಿಸಿ ನೋಡುವ ಪರೀಕ್ಷೆಯನ್ನೂ ಮಾಡಿಸುತ್ತೇನೆ. ಅದಿರನ್ನು ಚೆನ್ನಾಗಿ ಹುರಿದರೆ ಟೆಲ್ಲುರಿಯಮ್ ಹೊಗೆಯಾಗಿ ಹೋಗಿ ಬಂಗಾರದ ಹನಿಗಳು ಉಳಿಯುತ್ತವೆ. ಇದನ್ನು ಮನೆಯ ಒಲೆಯಲ್ಲಿ ಖಂಡಿತ ಮಾಡಬೇಡಿ. ಆ ಹೊಗೆ ವಿಷ. ಮೈಗೆ ಸೇರಿದರೆ ಉಸಿರೆಲ್ಲ ಬೆಳ್ಳುಳ್ಳಿ ವಾಸನೆ ಬರುತ್ತದೆ.

ಚೆಲೋಪೆಚ್‌ನ ಅದಿರು ಜ್ವಾಲಾಮುಖಿ ಶಿಲೆಗಳದ್ದು, ವಯಸ್ಸು ಸುಮಾರು 9 ಕೋಟಿ ವರ್ಷ. ನಮ್ಮ ಶಿವಮೊಗ್ಗದ ಶಿಲೆಗಳು 250 ಕೋಟಿ ವರ್ಷಕ್ಕೂ ಹಳೆಯವು. ಎರಡರ ಕಥೆ ಬೇರೆ ಬೇರೆ. ಹಾಗಾಗಿ ಕೋಸ್ಟೊವೈಟ್ ಹುಡುಕಿಕೊಂಡು ಗುಡ್ಡ ಅಗೆಯಿರಿ ಎಂದು ಗೌಡ್ರಿಗೆ ಹೇಳಲಿಲ್ಲ. ಕಲ್ಲು ಎಷ್ಟು ಅಡಿಯಲ್ಲಿ ಸಿಕ್ಕಿತು, ಪಕ್ಕದಲ್ಲಿ ಬಿಳಿ ಕಲ್ಲಿನ ಪಟ್ಟಿ ಇತ್ತಾ ಎಂದು ಕೇಳಿ ಬರೆದುಕೊಂಡೆ. "ಬೂದು ಕಲ್ಲೂ ಇತ್ತು ಸಾರ್, ಅದನ್ನ ಸುಮ್ನೆ ಬಿಸಾಕಿದೆ" ಎಂದರು. ಮುಂದಿನ ವಾರ ಅದರ ಒಂದು ತುಂಡು ತರುತ್ತಾರಂತೆ.