ಬೈಪಾಸ್ ಆದ ಮೂರನೇ ದಿನ ಎದೆಬಡಿತ ತಾಳ ತಪ್ಪಿದರೆ: ಮೊದಲೇ ತಡೆಯಬಹುದಿತ್ತೇ?

ಓದುಗರ ಪ್ರಶ್ನೆ: ನಮ್ಮ ತಂದೆಗೆ 67 ವರ್ಷ. ಬೈಪಾಸ್ ಚೆನ್ನಾಗಿ ಆಯಿತು ಅಂದರು. ಎರಡನೇ ದಿನ ಎದ್ದು ಕೂತು ಇಡ್ಲಿ ತಿಂದರು. ಮೂರನೇ ದಿನ ರಾತ್ರಿ ಎದೆಬಡಿತ 140ಕ್ಕೆ ಏರಿ ಮತ್ತೆ ಐಸಿಯುಗೆ ಕರೆದುಕೊಂಡು ಹೋದರು. ‘ಎ-ಫಿಬ್ ಆಗಿದೆ, ಕಾಮನ್ನು, ಹೆದರಬೇಡಿ’ ಎಂದಷ್ಟೇ ಹೇಳಿದರು. ಆಪರೇಷನ್ನಿನಲ್ಲಿ ಏನಾದರೂ ಎಡವಟ್ಟಾಯಿತೇ? ಮೊದಲೇ ತಡೆಯಲು ಆಗುತ್ತಿರಲಿಲ್ಲವೇ?

ಉತ್ತರ: ಎ-ಫಿಬ್ ಬಂತೆಂಬ ಒಂದೇ ಕಾರಣಕ್ಕೆ ಎಡವಟ್ಟಾಯಿತು ಎನ್ನಲು ಬರುವುದಿಲ್ಲ. ಬೈಪಾಸ್ ಮಾಡಿಸಿಕೊಂಡವರಲ್ಲಿ ಹೆಚ್ಚುಕಡಿಮೆ ಮೂವರಿಗೊಬ್ಬರಂತೆ ಇದು ಕಾಣಿಸಿಕೊಳ್ಳುತ್ತದೆ. ಜೊತೆಗೆ ಕವಾಟದ ಆಪರೇಷನ್ನೂ ಆಗಿದ್ದರೆ ಇನ್ನೂ ಹೆಚ್ಚು. ತಡೆಯುವ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದ. ಬರುವ ಸಾಧ್ಯತೆಯನ್ನು ಸುಮಾರು ಅರ್ಧಕ್ಕೆ ಇಳಿಸುವ ದಾರಿಗಳಿವೆ, ಪೂರ್ತಿ ಇಲ್ಲವಾಗಿಸುವ ದಾರಿ ಯಾರ ಬಳಿಯೂ ಇಲ್ಲ. ಕೇಳಲು ಬಲು ಸಮಂಜಸವೆನಿಸಿದ ಎಷ್ಟೋ ಉಪಾಯಗಳು ಸಾವಿರಾರು ರೋಗಿಗಳ ಮೇಲೆ ನಡೆದ ಪರೀಕ್ಷೆಗಳಲ್ಲಿ ಒಂದೊಂದಾಗಿ ಬಿದ್ದುಹೋಗಿವೆ. ಉಳಿದುಕೊಂಡವು ಕೆಲವೇ.

ಮೂರನೇ ದಿನವೇ ಏಕೆ

ಹೃದಯದ ಮೇಲಿನ ಎರಡು ಕೋಣೆಗಳು, ಅಂದರೆ ಹೃತ್ಕರ್ಣಗಳು, ಒಂದೇ ಆಜ್ಞೆಗೆ ಒಟ್ಟಾಗಿ ಮಿಡಿಯಬೇಕು. ಎ-ಫಿಬ್ ಆದಾಗ (ಪೂರ್ತಿ ಹೆಸರು ಏಟ್ರಿಯಲ್ ಫಿಬ್ರಿಲೇಶನ್) ಅಲ್ಲಿನ ಸ್ನಾಯು ಮಿಡಿಯುವ ಬದಲು ಅದುರುತ್ತದೆ. ಕೆಳಗಿನ ಕೋಣೆಗಳಿಗೆ ಸಂಕೇತ ಅಡ್ಡಾದಿಡ್ಡಿ ಹೋಗಿ ನಾಡಿ ವೇಗವಾಗಿಯೂ ಲಯವಿಲ್ಲದೆಯೂ ಓಡುತ್ತದೆ.

ಆಪರೇಷನ್ ಆದ ಗಳಿಗೆಯಲ್ಲೇ ಅಲ್ಲದೆ ಎರಡರಿಂದ ನಾಲ್ಕನೇ ದಿನದೊಳಗೆ ಇದು ಹೆಚ್ಚಾಗಿ ಬರಲು ಕಾರಣಗಳು ಆ ಹೊತ್ತಿಗೆ ಒಟ್ಟುಗೂಡುತ್ತವೆ. ಗಾಯದ ಉರಿಯೂತ ಏರಿರುತ್ತದೆ. ಆಪರೇಷನ್ ವೇಳೆ ಕೊಟ್ಟ ದ್ರವ ಅಂಗಾಂಶಗಳಿಂದ ರಕ್ತನಾಳಕ್ಕೆ ಮರಳಿ ಹೃತ್ಕರ್ಣವನ್ನು ಹಿಗ್ಗಿಸುತ್ತದೆ. ನೋವು, ನಿದ್ದೆಗೇಡು ಮತ್ತು ದೇಹದ ಒತ್ತಡದ ಹಾರ್ಮೋನುಗಳು ಎದೆಬಡಿತವನ್ನು ಕೆಣಕುತ್ತವೆ. ಇವೆಲ್ಲಕ್ಕಿಂತ ಬಲವಾದ ಅಂಶ ವಯಸ್ಸು. ವಯಸ್ಸಾದಂತೆ ಹೃತ್ಕರ್ಣದ ಗೋಡೆಯಲ್ಲಿ ನಾರಿನಂಶ ಸೇರಿರುತ್ತದೆ, ಸಂಕೇತ ಅಲ್ಲಲ್ಲಿ ತಡೆದು ಸುತ್ತು ಹೊಡೆಯುತ್ತದೆ.

ಪರೀಕ್ಷೆಯಲ್ಲಿ ಗೆದ್ದವು

ಮೊದಲನೆಯದು ಹಳೆಯ, ಅಗ್ಗದ ಮಾತ್ರೆ: ಎದೆಬಡಿತದ ವೇಗ ತಗ್ಗಿಸುವ, ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್. ಮೊದಲಿನಿಂದ ತೆಗೆದುಕೊಳ್ಳುತ್ತಿದ್ದವರು ಅದನ್ನು ಆಪರೇಷನ್ ಹತ್ತಿರ ಬಂತೆಂದು ತಟಕ್ಕನೆ ನಿಲ್ಲಿಸಿದರೆ ಅಪಾಯ ಹೆಚ್ಚುತ್ತದೆ. ಎಡವಟ್ಟು ಆಗುವುದಿದ್ದರೆ ಇಲ್ಲಿ ಆಗುತ್ತದೆ. ‘ಬೆಳಿಗ್ಗೆಯಿಂದ ಏನೂ ಬಾಯಿಗೆ ಹಾಕಬೇಡಿ’ ಎಂಬ ಮಾತನ್ನು ಮನೆಯವರು ಮಾತ್ರೆಗೂ ಅನ್ವಯಿಸಿಬಿಡುತ್ತಾರೆ. ಅಡ್ಮಿಟ್ ಆಗುವಾಗ ಪ್ರತಿ ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ ಎಂದು ಬರೆದ ಚೀಟಿ ಕೊಟ್ಟು, ‘ಇವುಗಳಲ್ಲಿ ಆಪರೇಷನ್ ದಿನ ಬೆಳಿಗ್ಗೆ ಒಂದು ಗುಟುಕು ನೀರಿನಲ್ಲಿ ಕೊಡಬೇಕಾದ್ದು ಯಾವುದು? ಆಮೇಲೆ ಯಾವಾಗ ಮತ್ತೆ ಶುರು?’ ಎಂದು ಕೇಳಿ. ಬಿಪಿ ತೀರಾ ಕಡಿಮೆಯಿದ್ದರೆ ಅಥವಾ ನಾಡಿ ನಿಧಾನವಾಗಿದ್ದರೆ ವೈದ್ಯರೇ ತಡೆಹಿಡಿಯಬಹುದು. ಆ ತೀರ್ಮಾನ ಅವರದಾಗಿರಲಿ.

ಎರಡನೆಯದು ಎದೆಬಡಿತದ ಲಯ ಕಾಯುವ ಔಷಧ ಅಮಿಯೊಡರೋನ್. ಕೆನಡಾದಲ್ಲಿ 601 ರೋಗಿಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ‘ಪಾಪಾಬೇರ್’ ಪರೀಕ್ಷೆಯಲ್ಲಿ, ದೇಹದ ತೂಕದ ಕಿಲೋಗೆ 10 ಮಿ.ಗ್ರಾಂ.ನಂತೆ ದಿನವೂ ಈ ಮಾತ್ರೆ ಕೊಟ್ಟರು. ಆಪರೇಷನ್ನಿಗೆ ಆರು ದಿನ ಮುಂಚೆ ಶುರು, ಆರು ದಿನ ಆದಮೇಲೆ ಮುಕ್ತಾಯ, ಒಟ್ಟು 13 ದಿನ. ಔಷಧವಿಲ್ಲದ ಹುಸಿಮಾತ್ರೆ ನುಂಗಿದವರಲ್ಲಿ ಲಯ ತಪ್ಪಿದ್ದು 29.5%, ಅಮಿಯೊಡರೋನ್ ನುಂಗಿದವರಲ್ಲಿ 16.1%. ಇಷ್ಟು ಒಳ್ಳೆಯದಾಗಿದ್ದರೆ ಎಲ್ಲರಿಗೂ ಏಕೆ ಕೊಡುವುದಿಲ್ಲ? ನಾಡಿ ತೀರಾ ನಿಧಾನವಾಗಬಹುದು, ರಕ್ತ ತೆಳುಮಾಡುವ ವಾರ್ಫರಿನ್ ಜೊತೆ ಸೇರಿದರೆ ರಕ್ತ ಅಗತ್ಯಕ್ಕಿಂತ ತೆಳುವಾಗಬಹುದು, ಬಹುಕಾಲ ಮುಂದುವರಿದರೆ ಥೈರಾಯ್ಡ್ ಮತ್ತು ಶ್ವಾಸಕೋಶಕ್ಕೆ ತೊಂದರೆ. ಅದಲ್ಲದೆ ಹೃದಯಾಘಾತವಾಗಿ ಬಂದು ಎರಡೇ ದಿನದಲ್ಲಿ ಬೈಪಾಸ್ ಆಗುವವರಿಗೆ ಆರು ದಿನ ಮುಂಚಿತವಾಗಿ ಮಾತ್ರೆ ಶುರುಮಾಡುವುದು ಎಲ್ಲಿಂದ ಬಂತು! ಹಾಗಾಗಿ ಅಪಾಯ ಹೆಚ್ಚಿರುವವರನ್ನು ಆರಿಸಿ ಕೊಡುತ್ತಾರೆ.

ಮೂರನೆಯದು ಔಷಧವೇ ಅಲ್ಲ, ಒಂದು ಸೀಳು. ನಮಗೆ ಈ ಪಟ್ಟಿಯಲ್ಲಿ ಅತ್ಯಂತ ಚೆಂದ ಎನಿಸುವುದು ಇದೇ.

ಹೃದಯ ಒಂದು ಚೀಲದೊಳಗೆ ಕೂತಿದೆ. ಸರ್ಜನ್ ಆ ಚೀಲವನ್ನು ಮುಂದುಗಡೆಯಿಂದ ತೆರೆದು ಕೆಲಸ ಮಾಡುತ್ತಾರೆ, ರಕ್ತ ಹೊರಹೋಗಲು ಡ್ರೈನ್ ಕೊಳವೆ ಇಟ್ಟು ಎದೆ ಮುಚ್ಚುತ್ತಾರೆ. ರೋಗಿ ಐಸಿಯುವಿನಲ್ಲಿ ಅಂಗಾತ ಮಲಗಿರುತ್ತಾರೆ. ಜಿನುಗಿದ ರಕ್ತ ತಗ್ಗಿಗೆ ಹರಿಯುತ್ತದೆ, ಆ ತಗ್ಗು ಇರುವುದು ಹೃದಯದ ಹಿಂದೆ, ಎಡ ಹೃತ್ಕರ್ಣದ ಬೆನ್ನಿಗೇ. ಮುಂದಿನ ಕೊಳವೆಗೆ ಅದು ಸುಲಭವಾಗಿ ಸಿಗುವುದಿಲ್ಲ. ಕೆಲವೊಮ್ಮೆ ಹೆಪ್ಪುಗಟ್ಟಿದ ರಕ್ತದಿಂದ ಕೊಳವೆಯೇ ಕಟ್ಟಿಕೊಳ್ಳುತ್ತದೆ. ನಿಂತ ರಕ್ತ ಅಲ್ಲೇ ಒಡೆಯುತ್ತ ಹೃತ್ಕರ್ಣದ ಗೋಡೆಯನ್ನು ಉರಿಸುತ್ತದೆ.

ಎದೆ ಮುಚ್ಚುವ ಮುನ್ನ ಸರ್ಜನ್ ಹೃದಯವನ್ನು ಮೆಲ್ಲನೆ ಎತ್ತಿ, ಚೀಲದ ಹಿಂಬದಿಯ ಎಡಗೋಡೆಯಲ್ಲಿ 4ರಿಂದ 5 ಸೆಂ.ಮೀ. ಉದ್ದದ ಸೀಳು ಹಾಕುತ್ತಾರೆ. ಅದು ಎಡಗಡೆಯ ಕೆಳ ಶ್ವಾಸಕೋಶದ ಅಭಿಧಮನಿಯ ಹತ್ತಿರ ಶುರುವಾಗಿ ವಪೆಯ (ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಕಡೆಗೆ ಇಳಿಯುತ್ತದೆ. ಆ ಗೋಡೆಯ ಮೇಲೆಯೇ ಫ್ರೆನಿಕ್ ನರ ಹಾದುಹೋಗುತ್ತದೆ, ಸೀಳು ಅದರ ಹಿಂದೆ, ಅದಕ್ಕೆ ಸಮಾನಾಂತರವಾಗಿರಬೇಕು. ನರಕ್ಕೆ ಪೆಟ್ಟಾದರೆ ವಪೆಯ ಎಡಭಾಗ ಅಲುಗದೆ ಉಸಿರಾಟಕ್ಕೆ ತೊಂದರೆ. ಅಗತ್ಯಕ್ಕಿಂತ ದೊಡ್ಡ ಸೀಳಾದರೆ ಹೊಸದಾಗಿ ಹೊಲಿದ ನಾಳ ಅದರಲ್ಲಿ ಸಿಕ್ಕಿಕೊಂಡೀತು ಎಂಬ ಅಳುಕೂ ಸರ್ಜನ್‌ಗಳಿಗಿದೆ. ಸರಿಯಾಗಿ ಆದರೆ ಹಿಂದೆ ನಿಲ್ಲಬೇಕಿದ್ದ ರಕ್ತ ಎಡ ಶ್ವಾಸಕೋಶದ ಸುತ್ತಲಿನ ಜಾಗಕ್ಕೆ ಇಳಿದು, ಅಲ್ಲಿರುವ ಕೊಳವೆಯಿಂದ ಹೊರಬರುತ್ತದೆ. ಗದ್ದೆಯಲ್ಲಿ ನೀರು ನಿಂತರೆ ಬದುವಿನಲ್ಲಿ ಒಂದು ಕಂಡಿ ತೆಗೆಯುವ ಲೆಕ್ಕ.

ನ್ಯೂಯಾರ್ಕಿನ ಒಂದೇ ಆಸ್ಪತ್ರೆಯಲ್ಲಿ 420 ರೋಗಿಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ‘ಪಲಾಕ್ಸ್’ ಪರೀಕ್ಷೆಯಲ್ಲಿ, ಸೀಳು ಹಾಕಿದವರಲ್ಲಿ 17% ಜನರಿಗೆ ಎ-ಫಿಬ್ ಬಂತು, ಹಾಕದವರಲ್ಲಿ 32% ಜನರಿಗೆ. ಹೃದಯದ ಸುತ್ತ ದ್ರವ ನಿಂತದ್ದೂ 21%ರಿಂದ 12%ಕ್ಕೆ ಇಳಿಯಿತು. ಸೀಳಿನಿಂದಲೇ ಆದ ತೊಂದರೆ ಒಂದೂ ಕಾಣಲಿಲ್ಲ. ಆದರೂ ಒಂದೇ ಆಸ್ಪತ್ರೆ, ನುರಿತ ಕೈಗಳು, ಮೊದಲೇ ಎ-ಫಿಬ್ ಇದ್ದವರನ್ನೂ ಮೈಟ್ರಲ್ ಕವಾಟದ ಆಪರೇಷನ್ನಿನವರನ್ನೂ ಇದರಲ್ಲಿ ಸೇರಿಸಿಕೊಂಡಿರಲಿಲ್ಲ. ಎಲ್ಲ ಸರ್ಜನ್‌ಗಳೂ ಇನ್ನೂ ಇದನ್ನು ರೂಢಿ ಮಾಡಿಕೊಳ್ಳದಿರುವುದಕ್ಕೆ ಇದೂ ಕಾರಣ. ಆಪರೇಷನ್ನಿಗೆ ಮುಂಚೆ ‘ನೀವು ಹಿಂಬದಿಯ ಸೀಳು ಹಾಕುತ್ತೀರಾ?’ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ. ಹಾಕಲೇಬೇಕೆಂದು ಹಟ ಹಿಡಿಯುವುದು ಬೇಡ.

ಬಿದ್ದುಹೋದವು

ಪೊಟ್ಯಾಸಿಯಂ ಕಡಿಮೆಯಾದರೆ ಎದೆಬಡಿತ ತಪ್ಪುತ್ತದೆ ಎಂಬುದು ನಿಜ. ಅದಕ್ಕೇ ಎಷ್ಟೋ ಐಸಿಯುಗಳಲ್ಲಿ ರಕ್ತದ ಪೊಟ್ಯಾಸಿಯಂ 4.5ಕ್ಕಿಂತ ಕೆಳಗಿಳಿಯಬಾರದು ಎಂಬ ಕಟ್ಟುನಿಟ್ಟು. ಅದರ ಫಲ ರೋಗಿಯ ನಾಲಿಗೆಗೆ ಗೊತ್ತು: ಪುಟ್ಟ ಕಪ್ಪಿನಲ್ಲಿ ಬರುವ ಸಿರಪ್, ಕುಡಿದರೆ ಹೊಟ್ಟೆ ತೊಳಸುತ್ತದೆ. ಡ್ರಿಪ್‌ನಲ್ಲಿ ಕೈಯ ಸಣ್ಣ ರಕ್ತನಾಳಕ್ಕೆ ಕೊಟ್ಟರೆ ಉರಿ. 2024ರಲ್ಲಿ ಪ್ರಕಟವಾದ ‘ಟೈಟ್-ಕೆ’ ಪರೀಕ್ಷೆ ಇದನ್ನೇ ಕೆದಕಿತು. ಬ್ರಿಟನ್ ಮತ್ತು ಜರ್ಮನಿಯ 23 ಕೇಂದ್ರಗಳಲ್ಲಿ ಬೈಪಾಸ್ ಆದ 1,690 ರೋಗಿಗಳು. ಒಂದು ಗುಂಪಿಗೆ 4.5ಕ್ಕಿಂತ ಇಳಿದರೆ ಪೊಟ್ಯಾಸಿಯಂ, ಇನ್ನೊಂದಕ್ಕೆ 3.6ಕ್ಕಿಂತ ಇಳಿದರೆ ಮಾತ್ರ. ಎ-ಫಿಬ್ ಬಂದದ್ದು ಮೊದಲ ಗುಂಪಿನಲ್ಲಿ 26.2%, ಎರಡನೆಯದರಲ್ಲಿ 27.8%. ಲೆಕ್ಕಕ್ಕೆ ಬರುವ ವ್ಯತ್ಯಾಸವಲ್ಲ, ಖರ್ಚು ಮಾತ್ರ ಎರಡನೇ ಗುಂಪಿಗೆ ಕಡಿಮೆ. ಆದ್ದರಿಂದ ‘ನಮ್ಮಪ್ಪನ ಪೊಟ್ಯಾಸಿಯಂ 3.9 ಇತ್ತು, ಅದಕ್ಕೇ ಹೀಗಾಯಿತು’ ಎಂದು ಯಾರನ್ನೂ ದೂರಬೇಕಿಲ್ಲ. ಡಿಸ್ಚಾರ್ಜ್ ಆದಮೇಲೆ ‘ಪೊಟ್ಯಾಸಿಯಂಗೆ ಒಳ್ಳೆಯದು’ ಅಂತ ದಿನಕ್ಕೆ ಮೂರು ಎಳನೀರು ಕುಡಿಸುವುದೂ ಬೇಡ. ಕಿಡ್ನಿ ಸೊರಗಿದವರಿಗೆ, ಸ್ಪೈರೊನೊಲ್ಯಾಕ್ಟೋನ್ ಅಥವಾ ರಾಮಿಪ್ರಿಲ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಪೊಟ್ಯಾಸಿಯಂ ಅತಿಯಾಗಿ ಏರುವುದೇ ದೊಡ್ಡ ಅಪಾಯ.

ಉರಿಯೂತವೇ ಕಾರಣವಾದರೆ ಸ್ಟಿರಾಯ್ಡ್ ಕೊಟ್ಟರಾಯಿತಲ್ಲ? 18 ದೇಶಗಳಲ್ಲಿ 7,507 ಜನರ ಮೇಲೆ ನಡೆದ ‘ಸರ್ಸ್’ ಪರೀಕ್ಷೆ (2015) ಅದನ್ನೂ ನೋಡಿತು. ಎ-ಫಿಬ್ ತಗ್ಗಲಿಲ್ಲ, ಹೃದಯದ ಸ್ನಾಯುವಿಗೆ ಪೆಟ್ಟಾದ ಪ್ರಕರಣ ಹೆಚ್ಚಿದವು. ಮೀನೆಣ್ಣೆ? 2012ರ ‘ಒಪೆರಾ’ದಲ್ಲಿ 1,516 ಜನ: ತೆಗೆದುಕೊಂಡವರಲ್ಲಿ ಎ-ಫಿಬ್ 30.0%, ತೆಗೆದುಕೊಳ್ಳದವರಲ್ಲಿ 30.7%. ಉರಿಯೂತ ತಗ್ಗಿಸುವ ಕೋಲ್ಚಿಸಿನ್ ಮಾತ್ರೆ ಕೊಟ್ಟ ಇಟಲಿಯ ಪರೀಕ್ಷೆಯಲ್ಲಿ ಹೃದಯದ ಚೀಲದ ಉರಿಯೂತ ಕಡಿಮೆಯಾಯಿತು, ಎ-ಫಿಬ್ ಕಡಿಮೆಯಾಗಲಿಲ್ಲ, ಭೇದಿ ಮಾತ್ರ ಕಾಡಿತು.

ಕೊಲೆಸ್ಟರಾಲ್ ತಗ್ಗಿಸುವ ಮಾತ್ರೆ ರೊಸುವಾಸ್ಟಾಟಿನ್ ಕಥೆಯನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಬೀಜಿಂಗ್‌ನಲ್ಲಿ 1,922 ರೋಗಿಗಳಿಗೆ ಆಪರೇಷನ್ನಿನ ಆಸುಪಾಸಿನ ಕೆಲವು ದಿನ ಮಾತ್ರ ದಿನಕ್ಕೆ 20 ಮಿ.ಗ್ರಾಂ. ಕೊಟ್ಟು ನೋಡಿದ ‘ಸ್ಟಿಕ್ಸ್’ ಪರೀಕ್ಷೆ (2016) ಇದು. ಎ-ಫಿಬ್ 21.1%, ಹುಸಿಮಾತ್ರೆ ಗುಂಪಿನಲ್ಲಿ 20.5%. ಅದರ ಮೇಲೆ ಕಿಡ್ನಿಗೆ ತೊಂದರೆಯಾದವರು 19.3%ರಿಂದ 24.7%ಕ್ಕೆ ಏರಿದರು. ಇದನ್ನು ಕೇಳಿ ಯಾರೂ ತಮ್ಮ ಕೊಲೆಸ್ಟರಾಲ್ ಮಾತ್ರೆ ಬಿಡಬಾರದು. ಪರೀಕ್ಷೆ ಕೇಳಿದ ಪ್ರಶ್ನೆ ‘ಎ-ಫಿಬ್ ತಡೆಯಲೆಂದು ಹೊಸದಾಗಿ ಶುರುಮಾಡಿದರೆ ಲಾಭವೇ?’ ಎಂಬುದು. ಹೊಸ ನಾಳಗಳು ಮತ್ತೆ ಕಟ್ಟಿಕೊಳ್ಳದಿರಲು ವರ್ಷಗಟ್ಟಲೆ ಆ ಮಾತ್ರೆ ನುಂಗುವುದು ಬೇರೆಯದೇ ವಿಷಯ, ಅದರ ಲಾಭ ಸಾಬೀತಾಗಿದೆ.

ಸಂಶೋಧನೆಗೆ ಸೇರುತ್ತೀರಾ ಎಂದು ಕೇಳಿದರೆ

ಮೇಲಿನ ಅಂಕಿಗಳೆಲ್ಲ ಬಂದದ್ದು ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಚೀಟಿ ಎತ್ತಿದಂತೆ ಕಂಪ್ಯೂಟರ್ ನಿರ್ಧರಿಸಿದ ಪರೀಕ್ಷೆಗಳಿಂದ. ವೈದ್ಯರೇ ಆರಿಸಿದ್ದರೆ ಗಟ್ಟಿಮುಟ್ಟಾದವರು ಒಂದು ಕಡೆ, ಬಳಲಿದವರು ಇನ್ನೊಂದು ಕಡೆ ಸೇರಿಬಿಡುತ್ತಿದ್ದರು. ನಮ್ಮ ದೇಶದಲ್ಲೂ ಇಂಥ ಸಂಶೋಧನೆಗೆ ಸೇರುವಂತೆ ಯಾರಾದರೂ ಕೇಳಿದರೆ, ಮಾತು ಆಪರೇಷನ್ನಿಗೆ ಮುಂಚೆ, ರೋಗಿ ಎಚ್ಚರವಾಗಿ ಕೂತಿರುವಾಗ ಆಗಲಿ. ಒಪ್ಪಿಗೆ ಪತ್ರ ಕನ್ನಡದಲ್ಲಿ ಬೇಕೆಂದು ಕೇಳಿ. ಓದಲು ಬಾರದವರಿಗೆ ಸಂಶೋಧನೆಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರ ಎದುರು ಓದಿ ಹೇಳಬೇಕು. ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ 2007ರಲ್ಲಿ ಶುರುವಾಯಿತು, 2009ರ ಜೂನ್‌ನಿಂದ ನೋಂದಣಿ ಕಡ್ಡಾಯ. ಹಾಗಾಗಿ ‘ಸಿಟಿಆರ್‌ಐ’ ಎಂದು ಶುರುವಾಗುವ ನೋಂದಣಿ ಸಂಖ್ಯೆ ಪತ್ರದಲ್ಲಿದೆಯೇ ನೋಡಿ, ಎಥಿಕ್ಸ್ ಸಮಿತಿಯ ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ಬೇಡವೆಂದರೆ, ಅಥವಾ ನಡುವೆ ಹೊರಬಂದರೆ, ಸಿಗಬೇಕಾದ ಮಾಮೂಲು ಚಿಕಿತ್ಸೆ ನಿಲ್ಲುವಂತಿಲ್ಲ.

ಈಗ ನಿಮ್ಮ ತಂದೆಯ ಮಟ್ಟಿಗೆ

ವೇಗ ತಗ್ಗಿಸುವ ಔಷಧವೋ, ಲಯವನ್ನೇ ಮರಳಿ ಕೂರಿಸುವ ಔಷಧವೋ ಎಂಬ ತಕರಾರನ್ನು ಅಮೆರಿಕ ಮತ್ತು ಕೆನಡಾದ 523 ರೋಗಿಗಳ ಪರೀಕ್ಷೆ (2016) ಬಹುಮಟ್ಟಿಗೆ ಮುಗಿಸಿತು: ಆಸ್ಪತ್ರೆಯಲ್ಲಿ ಕಳೆದ ದಿನಗಳು ಎರಡರಲ್ಲೂ ಸುಮಾರು ಐದೇ. ನಿಮಗೆ ಮುಖ್ಯವಾದ ಅಂಕಿ ಬೇರೆಯಿದೆ. ಅರವತ್ತನೇ ದಿನ ನೋಡಿದಾಗ, ಅದಕ್ಕೂ ಹಿಂದಿನ ಒಂದು ತಿಂಗಳಿಡೀ ಎ-ಫಿಬ್ ಇಲ್ಲದೆ ಇದ್ದವರು ಎರಡೂ ಗುಂಪುಗಳಲ್ಲಿ 90%ಕ್ಕಿಂತ ಹೆಚ್ಚು.

ಉಳಿಯುವ ಆತಂಕ ಪಾರ್ಶ್ವವಾಯುವಿನದು. ಅದುರುವ ಹೃತ್ಕರ್ಣದ ಮೂಲೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಿ ಮಿದುಳಿಗೆ ಹೋಗಬಹುದು. ಅದಕ್ಕೇ ರಕ್ತಸ್ರಾವದ ಅಪಾಯ ಕಡಿಮೆಯಿದ್ದರೆ ಸುಮಾರು 60 ದಿನ ರಕ್ತ ತೆಳುಮಾಡುವ ಔಷಧ ಕೊಟ್ಟು, ಆಮೇಲೆ ಬೇಕೋ ಬೇಡವೋ ಎಂದು ಮತ್ತೆ ನೋಡುವುದು ಸೂಕ್ತ ಎನ್ನುತ್ತದೆ ಅಮೆರಿಕದ ಹೃದ್ರೋಗ ತಜ್ಞರ 2023ರ ಮಾರ್ಗಸೂಚಿ. ಆ ಅವಧಿಯಲ್ಲಿ ಮೈಕೈ ನೋವಿಗೆಂದು ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗಿಸಬೇಡಿ.

ಮನೆಯಲ್ಲಿ ಬೆಳಿಗ್ಗೆ, ಸಂಜೆ ನಾಡಿ ನೋಡಿ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ನಡುವಿನ ಮೂರು ಬೆರಳಿಟ್ಟು ಪೂರ್ತಿ 60 ಸೆಕೆಂಡ್ ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಲಯವಿಲ್ಲದ ನಾಡಿಯಲ್ಲಿ ಲೆಕ್ಕ ತಪ್ಪುತ್ತದೆ. ಎ-ಫಿಬ್ ಇರುವಾಗ ಕೆಲವು ಮಿಡಿತಗಳು ಬೆರಳ ತುದಿವರೆಗೆ ಮುಟ್ಟುವುದಿಲ್ಲ, ಆದ್ದರಿಂದ ಆಕ್ಸಿಮೀಟರ್ ತೋರಿಸುವ ನಾಡಿಯನ್ನೂ ಪೂರ್ತಿ ನಂಬಬೇಡಿ. ಕೂತಿದ್ದಾಗಲೂ 110 ದಾಟಿ ಇಳಿಯದಿದ್ದರೆ, ಹೊಸದಾಗಿ ಲಯ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಫೋನ್ ಮಾಡಿ. ಉಸಿರು ಕಟ್ಟಿದರೆ, ತಲೆ ತಿರುಗಿ ಬಿದ್ದರೆ, ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಫೋನಿನಲ್ಲಿ ಕಾಯದೆ ಆಂಬುಲೆನ್ಸ್ ಕರೆಸಿ.

ಡಿಸ್ಚಾರ್ಜ್ ದಿನ ಬಿಲ್ಲಿನ ಗಡಿಬಿಡಿಯಲ್ಲಿ ಒಂದು ಕಾಗದ ತಪ್ಪಿಹೋಗುತ್ತದೆ: ಎ-ಫಿಬ್ ಆದ ರಾತ್ರಿಯ ಇಸಿಜಿ. ಅದರ ಒಂದು ಝೆರಾಕ್ಸ್ ಕೇಳಿ ಪಡೆಯಿರಿ. ಅದು ಎಷ್ಟು ಹೊತ್ತು ಇತ್ತು, ತಾನಾಗಿ ನಿಂತಿತೋ ಔಷಧದಿಂದಲೋ ಶಾಕ್‌ನಿಂದಲೋ ಎಂಬುದನ್ನೂ ಸಮ್ಮರಿಯಲ್ಲಿ ಬರೆಸಿಕೊಳ್ಳಿ. ಎರಡು ತಿಂಗಳ ನಂತರ ರಕ್ತ ತೆಳುಮಾಡುವ ಮಾತ್ರೆ ನಿಲ್ಲಿಸಬೇಕೋ ಮುಂದುವರಿಸಬೇಕೋ ಎಂದು ನಿರ್ಧರಿಸುವ ವೈದ್ಯರು ಮೊದಲು ಕೇಳುವುದು ಅದನ್ನೇ.